ನೀರು ಹೊತ್ತು ನಡೆದ ಬೆಟ್ಟ

29 ನವೆಂಬರ್ 2024, ಶುಕ್ರವಾರ ರಾತ್ರಿ
ರೋಲಾ ಸ್ಟ್ರೀಟ್, ಬರ್ ದುಬೈ

ಬೆನ್ನುಚೀಲ ಕಟ್ಟಿ ಮುಗಿಯಿತು. ನೀರೇ ಆರು ಲೀಟರ್, ಅಂದರೆ ಆರು ಕಿಲೋ. ಡೇರೆ, ಮಲಗುವ ಚೀಲ, ಹಣೆದೀಪ, ಗಾಯದ ಪಟ್ಟಿ, ಸೀಟಿ, ಒಂದು ಜೊತೆ ಕಾಲುಚೀಲ ಎಲ್ಲ ಸೇರಿದರೂ ನೀರಿಗಿಂತ ಹೆಚ್ಚು ತೂಗುವುದಿಲ್ಲ. ತಿನ್ನಲು ಅವಲಕ್ಕಿ, ಬೆಲ್ಲ, ಖರ್ಜೂರ, ಮೀನಾ ಬಜಾರಿನಿಂದ ತಂದ ಚಪಾತಿ, ಊರಿಂದ ಅಮ್ಮ ಕಳಿಸಿದ ಮಿಡಿ ಉಪ್ಪಿನಕಾಯಿ. ಕುಕ್ಕೆಯಿಂದ ಕುಮಾರಪರ್ವತ ಹತ್ತುವಾಗ ಒಂದು ಬಾಟಲಿ ಹಿಡಿದು ಹೊರಟರೂ ದಾರಿಯ ನಡುವಿನ ಭಟ್ಟರ ಮನೆಯಲ್ಲಿ ತುಂಬಿಸಿಕೊಂಡು ಮುಂದೆ ಹೋಗಬಹುದಿತ್ತು. ನಾಳೆ ಹೋಗಲಿರುವ ಹಜರ್ ಬೆಟ್ಟಗಳಲ್ಲಿ ಹಾಗಿಲ್ಲ. ಕುಡಿಯುವುದನ್ನೆಲ್ಲ ಹೊತ್ತೇ ಹೋಗಬೇಕು. ಎಷ್ಟು ದೂರ ನಡೆಯಬಲ್ಲೆ ಎಂಬುದನ್ನು ಕಾಲಿಗಿಂತ ಮೊದಲು ಬಾಟಲಿಯೇ ತೀರ್ಮಾನಿಸುತ್ತದೆ.

ಸೋಮವಾರ, ಮಂಗಳವಾರ ರಾಷ್ಟ್ರೀಯ ದಿನದ ರಜೆ. ಈ ಸಲದಿಂದ ಅದಕ್ಕೆ ‘ಈದ್ ಅಲ್ ಇತಿಹಾದ್’ ಎಂಬ ಹೆಸರು. ಕಟ್ಟಡಗಳ ಮೈಮೇಲೆಲ್ಲ ಹಸಿರು, ಕೆಂಪು, ಬಿಳಿ ದೀಪ. ಕೆಳಗೆ ಬೀದಿಯಲ್ಲಿ ಹನ್ನೊಂದು ಗಂಟೆಯಾದರೂ ಗಿಜಿಗಿಜಿ ನಿಂತಿಲ್ಲ.

ಒಂದೇ ಕೋಣೆಯಲ್ಲಿರುವ ಕುಂದಾಪುರದ ಹುಡುಗ ಮೇಲಿನ ಮಂಚದಿಂದ ಇಣುಕಿ, “ಒಬ್ಬರೇ ಯಾಕೆ ಹೋಗ್ತೀರಿ ಅಣ್ಣಾ, ನಾವೂ ಬರ್ತಿದ್ದೆವಲ್ಲ” ಅಂದ. ಒಳ್ಳೆಯ ಹುಡುಗ. ಅವನಿಗೆ ಏನು ಹೇಳಲಿ? ಮಂಚವೊಂದನ್ನೇ ಬಾಡಿಗೆಗೆ ಹಿಡಿದ ಈ ಬೆಡ್‌ಸ್ಪೇಸಿನಲ್ಲಿ ಒಬ್ಬನೇ ಇರುವ ಗಳಿಗೆ ಅನ್ನುವುದೇ ಇಲ್ಲ. ಹಗಲು ಪಾಳಿಯವರು ಮಲಗಿದಾಗ ರಾತ್ರಿ ಪಾಳಿಯವರು ಏಳುತ್ತಾರೆ, ಹೆಂಡತಿ ಮಕ್ಕಳ ಜೊತೆಗಿನ ಫೋನ್ ಮಾತನ್ನೂ ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಯಾರ ಮೇಲೂ ನನಗೆ ಬೇಸರವಿಲ್ಲ. ಆದರೆ ವರ್ಷದಲ್ಲಿ ಕೆಲವು ದಿನವಾದರೂ ನನ್ನ ಹೆಜ್ಜೆಯ ಸದ್ದು ನನಗೆ ಕೇಳಬೇಕು. “ಮುಂದಿನ ಸಲ ಒಟ್ಟಿಗೆ ಹೋಗೋಣ, ಈ ಸಲ ಒಬ್ಬನನ್ನೇ ಬಿಡು” ಅಂದೆ.

ಹೋಗುವ ದಾರಿಯನ್ನು ಕಾಗದದಲ್ಲಿ ಬರೆದು ಅವನ ಕೈಗೆ ಕೊಟ್ಟಿದ್ದೇನೆ. ಭಾನುವಾರ ರಾತ್ರಿ ಎಂಟರೊಳಗೆ ನನ್ನ ಸುದ್ದಿ ಬರದಿದ್ದರೆ 999ಕ್ಕೆ ಕರೆ ಮಾಡಬೇಕು. ಒಂಟಿಯಾಗಿ ಬೆಟ್ಟಕ್ಕೆ ಹೋಗುವವನು ಇಷ್ಟು ಮಾಡದೆ ಮನೆ ಬಿಡಬಾರದು.


30 ನವೆಂಬರ್, ಶನಿವಾರ ರಾತ್ರಿ
ಹಟ್ಟಾ

ಬುರ್ಜುಮಾನಿನಿಂದ ಮೆಟ್ರೊ ಹಿಡಿದು ದುಬೈ ಮಾಲ್, ಅಲ್ಲಿಂದ ಎಚ್02 ಬಸ್ಸು. 25 ದಿರ್ಹಮ್. ಕಾರಿಲ್ಲದ ನನ್ನಂಥವರಿಗೆ ಬೆಟ್ಟದ ಬಾಗಿಲು ತೆರೆದದ್ದು 2023ರಲ್ಲಿ ಶುರುವಾದ ಈ ಬಸ್ಸು. ಹಳೆಯ ರಸ್ತೆ ನಡುವೆ ಒಮಾನಿನ ನೆಲವನ್ನು ಹಾದು ಬರುತ್ತಿತ್ತು. ಆ ದಾರಿ ನಮ್ಮಂಥ ಪರದೇಶದವರಿಗೆ ಮುಚ್ಚಿದ ಮೇಲೆ ಸುತ್ತು ಬಳಸಿಯೇ ಹೋಗಬೇಕು. ದುಬೈಗೆ ಸೇರಿದ್ದರೂ ಹಟ್ಟಾ ದುಬೈಗೆ ಅಂಟಿಕೊಂಡಿಲ್ಲ. ಸುಮಾರು 130 ಕಿಲೋಮೀಟರ್ ದೂರದಲ್ಲಿ, ಒಮಾನಿನ ಗಡಿಗೆ ಒರಗಿ ಬೆಟ್ಟಗಳ ನಡುವೆ ಕೂತಿದೆ. ಕಾಸರಗೋಡಿನ ಎಣ್ಮಕಜೆಯವನಾದ ನನಗೆ ಗಡಿ ಅಡ್ಡ ಬಂದ ಊರು ಹೊಸತಲ್ಲ. ನಮ್ಮ ತೋಟ ಕೇರಳದಲ್ಲಿದೆ, ಪೇಟೆ ಕರ್ನಾಟಕದಲ್ಲಿದೆ.

ಕೆಂಪು ಮರಳಿನ ದಿಬ್ಬಗಳು ಮುಗಿಯುವ ತನಕ ಕಿಟಕಿಯಿಂದ ಘಾಫ್ ಮರಗಳನ್ನು ನೋಡುತ್ತಾ ಬಂದೆ. 2008ರಿಂದ ಈ ದೇಶದ ರಾಷ್ಟ್ರೀಯ ಮರ. ನಮ್ಮ ಬನ್ನಿಯೇ. ವಿಜಯದಶಮಿಗೆ ನಾವು ಎಲೆ ಹಂಚಿಕೊಳ್ಳುವ ಮರ ಇಲ್ಲಿ ನೀರಿಲ್ಲದ ಮರಳಿನಲ್ಲಿ ಬೇರನ್ನು ಆಳಕ್ಕೆ ಇಳಿಸಿ ಒಂಟೆಗೆ ಮೇವು, ಕುರುಬನಿಗೆ ನೆರಳು ಕೊಟ್ಟು ನಿಂತಿದೆ. ಮರಳು ಮುಗಿದು ಜಲ್ಲಿಯ ಬಯಲು ಬಂತು, ಆಮೇಲೆ ಕಲ್ಲು. ಕಡು ಕಂದು ಬಣ್ಣದ, ಗರಗಸದ ಹಲ್ಲಿನಂತಹ ಏಣುಗಳು. ಮೊದಲ ಸಲ ಕಂಡಾಗ ಸುಟ್ಟ ಬೆಟ್ಟವೇ ಇರಬೇಕು ಎಂದುಕೊಂಡಿದ್ದೆ.

ಡೇರೆ ಹಾಕಲು ಗುರುತು ಮಾಡಿಕೊಟ್ಟ ಜಾಗದಲ್ಲೇ ಡೇರೆ ಹಾಕಿದ್ದೇನೆ. ರಜೆಯೆಂದು ಜನ ತುಂಬಿದ್ದಾರೆ, ಮಾಂಸ ಸುಡುವ ಹೊಗೆ, ಮಕ್ಕಳ ಕೇಕೆ. ನಾಳೆ ಬೆಳಗಾಗುವ ಮೊದಲೇ ಇದನ್ನೆಲ್ಲ ದಾಟಿ ಹೋಗಿರುತ್ತೇನೆ.

ಅಮಾವಾಸ್ಯೆ. ಚಂದ್ರನಿಲ್ಲ. ಸಂಜೆ ಪಡುವಣದಲ್ಲಿ ಶುಕ್ರ ದೀಪ ಹಚ್ಚಿಟ್ಟಂತೆ ಇದ್ದ. ಈಗ ಮೂಡಣದಲ್ಲಿ ಗುರು, ರೋಹಿಣಿಯಿಂದ ಸ್ವಲ್ಪವೇ ಆಚೆ. ಮೇಲೆ ಕೃತ್ತಿಕೆಯ ಗುಂಪು ಬಿಡಿಬಿಡಿಯಾಗಿ ಎಣಿಸುವಷ್ಟು ಸ್ಪಷ್ಟ. ಬರ್ ದುಬೈನ ಆಕಾಶದಲ್ಲಿ ವಿಮಾನ ಬಿಟ್ಟರೆ ಏನೂ ಕಾಣಿಸುವುದಿಲ್ಲ. ಊರಲ್ಲಿ ಕಾರ್ತಿಕದ ಕೊನೆ, ದೇವಸ್ಥಾನಗಳಲ್ಲಿ ದೀಪೋತ್ಸವದ ದಿನಗಳು. ಚಳಿ ಏರುತ್ತಿದೆ, ಬೆರಳು ಸೆಟೆಯುತ್ತಿವೆ, ಸಾಕು.


1 ಡಿಸೆಂಬರ್, ಭಾನುವಾರ
ಹಟ್ಟಾ, ರಾತ್ರಿ ಒಂಬತ್ತು

ಎಂಟಕ್ಕೆ ಮುಂಚೆಯೇ ಕೋಣೆಗೆ ಸುದ್ದಿ ಕಳಿಸಿದೆ. ಈಗ ಕಾಲು ಚಾಚಿ ನಿಧಾನವಾಗಿ ಬರೆಯುತ್ತೇನೆ. ಇವತ್ತಿನ ದಿನ ಮರೆಯಬಾರದು.

ಐದೂವರೆಗೆ ಹೊರಟೆ. ಸೂರ್ಯ ಹುಟ್ಟಲು ಇನ್ನೂ ಒಂದು ಗಂಟೆಗೂ ಹೆಚ್ಚು ಹೊತ್ತಿತ್ತು. ಹಣೆದೀಪದ ಬೆಳಕಿನಲ್ಲಿ ಕಾಣುವುದು ನಾಲ್ಕು ಹೆಜ್ಜೆ ನೆಲ ಮಾತ್ರ. ಸೈಕಲ್ಲಿನವರ ದಾರಿಗಳಿಗೆ ಕಷ್ಟ ನೋಡಿ ಹಸಿರು, ನೀಲಿ, ಕೆಂಪು, ಕಪ್ಪು ಗುರುತು ಹಾಕಿದ್ದಾರೆ, ನಡೆಯುವ ದಾರಿಗಳಿಗೂ ಫಲಕಗಳಿವೆ. ದಾರಿ ತಪ್ಪುವ ಭಯ ಕಡಿಮೆ. ಭಯ ಇರುವುದು ಕಾಲಡಿಯ ಕಲ್ಲಿನದು. ಇಲ್ಲಿನ ಕಲ್ಲು ಗಟ್ಟಿಯಾಗಿ ಕಾಣುತ್ತದೆ, ಮೆಟ್ಟಿದರೆ ಚೂರಾಗಿ ಜಾರುತ್ತದೆ. ಪ್ರತಿ ಹೆಜ್ಜೆಯನ್ನೂ ಮೊದಲು ಪರೀಕ್ಷಿಸಿ, ಆಮೇಲೆ ಭಾರ ಬಿಡಬೇಕು. ಬೆನ್ನ ಮೇಲೆ ಆರು ಲೀಟರ್ ನೀರು ಕುಲುಕುವಾಗ ಇದು ಇನ್ನೂ ಎಚ್ಚರದ ಕೆಲಸ.

ಏಣು ತಲುಪಿದಾಗ ಬೆಳಕು ಹರಿಯಿತು. ಪೂರ್ವದಲ್ಲಿ ಒಮಾನಿನ ಕಡೆಗೆ ಒಂದರ ಹಿಂದೆ ಒಂದು ಏಣು, ಹತ್ತಿರದ್ದು ಕಪ್ಪು, ಅದರಾಚೆಯದು ನೇರಳೆ, ಕೊನೆಯದು ಬೂದಿ. ಒಂದು ಹಸಿರೆಲೆ ಇಲ್ಲ. ಪಶ್ಚಿಮಘಟ್ಟದ ಮಡಿಲಲ್ಲಿ ಹುಟ್ಟಿದವನಿಗೆ ಇದನ್ನು ಚಂದ ಅನ್ನಲು ಕೆಲವು ವರ್ಷ ಬೇಕಾಯಿತು. ಈಗ ಅನುಮಾನವಿಲ್ಲ, ಚಂದವೇ. ನಮ್ಮ ಬೆಟ್ಟಗಳು ಕಾಡಿನೊಳಗೆ ಅಡಗಿವೆ, ಇಲ್ಲಿ ಬೆಟ್ಟ ತನ್ನ ಎಲುಬನ್ನೇ ತೋರಿಸುತ್ತದೆ.

ಆ ಎಲುಬು ಸಮುದ್ರದ್ದು. ಸುಮಾರು ಒಂಬತ್ತೂವರೆ ಕೋಟಿ ವರ್ಷಗಳ ಹಿಂದೆ ಸಾಗರದ ತಳದಲ್ಲಿ ಹುಟ್ಟಿದ ಶಿಲೆ ಭೂಖಂಡದ ಅಂಚಿನ ಮೇಲೆ ಹತ್ತಿ ಕೂತು ಈ ಹಜರ್ ಶ್ರೇಣಿಯಾಯಿತು. ಸಾಗರ ತಳದ ಅಡಿಯ ಶಿಲೆ ನೆಲದ ಮೇಲೆ ಇಷ್ಟು ವಿಸ್ತಾರವಾಗಿ ಬಯಲಾಗಿ ಬಿದ್ದಿರುವ ಜಾಗ ಜಗತ್ತಿನಲ್ಲಿ ಬಹಳ ಕಡಿಮೆ. ಒಡೆದ ಒಂದು ತುಂಡನ್ನು ಕೈಗೆತ್ತಿಕೊಂಡು ತುಂಬ ಹೊತ್ತು ನೋಡಿದೆ. ಹೊರಮೈ ಕಬ್ಬಿಣದ ತುಕ್ಕಿನಿಂದ ಕಂದು, ಒಡೆದ ಕಡೆ ಕಡು ಹಸಿರು, ಹಾವಿನ ಪೊರೆಯಂತೆ ನುಣುಪು. ಅದರ ಅಡ್ಡಕ್ಕೆ ಬಿಳಿಯ ಎಳೆಗಳು. ಮಳೆನೀರಿನಲ್ಲಿ ಕರಗಿ ಬಂದ ಇಂಗಾಲದ ಡೈಆಕ್ಸೈಡ್ ಈ ಶಿಲೆಯ ಖನಿಜಗಳ ಜೊತೆ ಬೆರೆತು ಕಲ್ಲಾಗಿ ಬಿಡುತ್ತದೆ, ಆ ಬಿಳಿ ಎಳೆ ಅದೇ. ಗಾಳಿಯನ್ನು ಕಲ್ಲು ಮಾಡುವ ಈ ಗುಣವನ್ನೇ ಬಳಸಿ ಫುಜೈರಾದಲ್ಲಿ ಇಂಗಾಲವನ್ನು ಬೆಟ್ಟದೊಳಗೆ ಹೂಳುವ ಪ್ರಯೋಗ ನಡೆದಿದೆ. ಕಲ್ಲನ್ನು ಇದ್ದಲ್ಲೇ ಇಟ್ಟು ಮುಂದೆ ನಡೆದೆ.

ನಮ್ಮ ಊರಿನ ಮುರಕಲ್ಲಿಗೂ ಇದಕ್ಕೂ ಇರುವ ವ್ಯತ್ಯಾಸ ನಡೆಯುತ್ತಾ ನಡೆಯುತ್ತಾ ಹೊಳೆಯಿತು. ಮುರಕಲ್ಲಿನ ಮೈಯೆಲ್ಲ ತೂತು, ಬಿದ್ದ ಮಳೆಯನ್ನು ಕುಡಿದು ಒಳಗಿಟ್ಟುಕೊಂಡು ಬೇಸಿಗೆಯ ತನಕ ಒಸರುತ್ತದೆ. ಇಲ್ಲಿನ ಬೋಳು ಇಳಿಜಾರಿಗೆ ಕುಡಿಯಲು ಬಾಯಿಯೇ ಕಡಿಮೆ, ಮೇಲೆ ಮಣ್ಣಿಲ್ಲ, ಬೇರಿಲ್ಲ. ಸುರಿದದ್ದೆಲ್ಲ ಒಮ್ಮೆಲೇ ವಾದಿಗೆ, ಅಂದರೆ ಕಣಿವೆಯ ಒಣ ತೊರೆಗೆ, ಇಳಿಯುತ್ತದೆ. ಹಾಗಾಗಿ ಎಂಟು ತಿಂಗಳು ಒಣಗಿ ಬಿದ್ದ ತೊರೆ ಅರ್ಧ ಗಂಟೆಯಲ್ಲಿ ಆನೆಯೆತ್ತರ ಬರುತ್ತದೆ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ, ಇಲ್ಲಿ ಸರಾಸರಿ ನೂರರ ಆಸುಪಾಸು. ಅದೂ ಹೇಳಿ ಕೇಳಿ ಬರುವುದಿಲ್ಲ. ಈ ಏಪ್ರಿಲ್ 16ರಂದು ಬಂದದ್ದು 1949ರಲ್ಲಿ ದಾಖಲೆ ಇಡಲು ಶುರು ಮಾಡಿದ ಮೇಲಿನ ಅತಿ ದೊಡ್ಡ ಮಳೆ, ಅಲ್ ಐನ್ ಬಳಿಯ ಖತಮ್ ಅಲ್ ಶಕ್ಲಾದಲ್ಲಿ ಒಂದೇ ದಿನದೊಳಗೆ 254 ಮಿಲಿಮೀಟರ್. ಬರ್ ದುಬೈನಲ್ಲಿ ನಾವು ಮೊಣಕಾಲುದ್ದ ನೀರಿನಲ್ಲಿ ಅಕ್ಕಿ ಮೂಟೆ ಹೊತ್ತು ಮೆಟ್ಟಿಲು ಹತ್ತಿದ್ದು ನೆನಪಿದೆ.

ಏಣು ಇಳಿದು ವಾದಿಗೆ ಬಂದಾಗ ಅಂಥ ನೆರೆಗಳ ಗುರುತು ಕಂಡಿತು. ನನ್ನ ತಲೆಗಿಂತ ಎತ್ತರದಲ್ಲಿ, ಬಂಡೆಯ ಸಂದಿಗೆ ಸಿಕ್ಕಿಕೊಂಡ ಒಣ ಕಡ್ಡಿ, ತಾಳೆಗರಿ, ಚಿಂದಿ ಪ್ಲಾಸ್ಟಿಕ್ಕು. ನೀರು ಅಲ್ಲಿಯ ತನಕ ಏರಿತ್ತು. ಮಳೆ ಬಂದಾಗ ವಾದಿ, ಅಣೆಕಟ್ಟುಗಳ ಬಳಿ ಗಾಡಿ ನಿಲ್ಲಿಸಿ ಗುಂಪುಗೂಡುವವರಿಗೆ 2023ರಿಂದ 1,000 ದಿರ್ಹಮ್ ದಂಡ, ನೆರೆ ಬಂದ ವಾದಿಗೆ ಗಾಡಿ ಇಳಿಸಿದರೆ 2,000 ದಿರ್ಹಮ್ ಮತ್ತು ಎರಡು ತಿಂಗಳು ಗಾಡಿ ಜಪ್ತಿ. ಒಳ್ಳೆಯ ಕಾನೂನು. ದೂರದ ಬೆಟ್ಟದ ಮೇಲೆ ಮೋಡ ಕಂಡರೂ ವಾದಿಯಿಂದ ಮೇಲೆ ಹತ್ತಬೇಕೆಂದು ಇಲ್ಲಿ ಮೊದಲು ನಡೆಯುವಾಗಲೇ ಕಲಿತೆ. ಇವತ್ತು ಆಕಾಶ ತೊಳೆದಿಟ್ಟ ಹಾಗಿತ್ತು.

ವಾದಿಯ ತಿರುವಿನಲ್ಲಿ ಒಂದು ಗುಂಡಿ. ಎರಡು ಮಂಚದಷ್ಟು ಅಗಲ, ಮೊಣಕಾಲು ಆಳ. ಅಂಚಿನಲ್ಲಿ ಕಾಡು ಕಣಗಿಲೆ, ನೀರಿನ ಮೇಲೆ ಕೆಂಪು ಏರೋಪ್ಲೇನ್ ಚಿಟ್ಟೆ. ಶೂ ಬಿಚ್ಚಿ ಕಾಲು ಇಳಿಬಿಟ್ಟೆ. ಮೊದಲು ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಕಲ್ಲಿನಡಿಯಿಂದ ಬೆರಳುದ್ದದ ಕಂದು ಮೀನುಗಳು ಒಂದೊಂದೇ ಬಂದು ಹಿಮ್ಮಡಿಯ ಸತ್ತ ಚರ್ಮಕ್ಕೆ ಬಾಯಿ ಹಾಕಿದವು. ಗಾರಾ ಕುಲದ ಒಂದು ಜಾತಿ. ಈ ಬೆಟ್ಟಗಳ ತೊರೆಗಳಲ್ಲೇ ಬದುಕುವ ಮೀನು. ವಾದಿ ಒಣಗುತ್ತಾ ಬಂದಂತೆ ಉಳಿದ ಗುಂಡಿಗಳಿಗೆ ಸರಿದು, ಬಿಸಿಯನ್ನೂ ಇಕ್ಕಟ್ಟನ್ನೂ ತಡೆದು, ಮುಂದಿನ ಮಳೆಗೆ ಕಾಯುತ್ತದೆ. ನಾನು ಕಾಲು ಅಲ್ಲಾಡಿಸಿದರೆ ಚದುರುತ್ತಿದ್ದವು, ನಿಲ್ಲಿಸಿದರೆ ಮತ್ತೆ ಬರುತ್ತಿದ್ದವು. ಸೋಪು, ಸನ್‌ಕ್ರೀಮು ಹಚ್ಚಿದ ಕಾಲನ್ನು ಇಂಥ ಗುಂಡಿಗೆ ಇಳಿಸಬಾರದು. ಅವುಗಳಿಗೆ ಇರುವ ಜಗತ್ತು ಅಷ್ಟೇ.

ಅಲ್ಲಿ ಕೂತಷ್ಟು ಹೊತ್ತು ಒಬ್ಬ ಮನುಷ್ಯನೂ ಬರಲಿಲ್ಲ. ಕಪ್ಪು ಬಿಳುಪಿನ ಒಂದು ಹಕ್ಕಿ ಬಂಡೆಯಿಂದ ಬಂಡೆಗೆ ಹಾರಿ ಸಿಳ್ಳೆ ಹಾಕುತ್ತಿತ್ತು. ಎದುರು ಇಳಿಜಾರಿನಲ್ಲಿ ಯಾರೂ ಸಾಕದ ಎರಡು ಕತ್ತೆಗಳು ನಿಂತು ನನ್ನನ್ನು ನೋಡಿ, ಮುಖ ತಿರುಗಿಸಿ ಮುಳ್ಳು ಮೇಯಲು ಹೋದವು. ನಾನು ಮಾತಾಡದೆ ಐದು ಗಂಟೆ ಕಳೆದಿತ್ತು. ತಲೆಯೊಳಗೆ ಕಚೇರಿಯ ಇನ್‌ವಾಯ್ಸು, ಕಂತು, ಮಗಳ ಫೀಸು ಎಲ್ಲ ಇದ್ದವು, ಆದರೆ ಒಂದೊಂದಾಗಿ, ಸಾಲಿನಲ್ಲಿ ನಿಂತಿದ್ದವು. ಕೋಣೆಯಲ್ಲಿ ಅವೆಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಒಂಟಿ ನಡಿಗೆಯಿಂದ ನನಗೆ ಸಿಗುವುದು ಇದು. ಊರಿಗೆ ಹಣ ಕಳಿಸುವುದು ಎಷ್ಟು ಅಗತ್ಯವೋ ಇದೂ ಅಷ್ಟೇ ಅಗತ್ಯ ಎಂದು ನಾನು ನಿಜವಾಗಿ ನಂಬುತ್ತೇನೆ.

ಹನ್ನೆರಡಕ್ಕೆ ನೀರು ನೋಡಿದೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿದಿತ್ತು. ಅರ್ಧ ಮುಗಿಯುವ ಮೊದಲು ಮರಳುವ ದಾರಿ ಹಿಡಿಯಬೇಕು, ಇದೊಂದು ನಿಯಮ. ಇನ್ನೊಂದು ಏಣು ಕೈ ಬೀಸಿ ಕರೆಯುತ್ತಿತ್ತು. ಹೋಗಲಿಲ್ಲ. ಅಣೆಕಟ್ಟಿನ ಕಡೆಗೆ ತಿರುಗಿದೆ.

ಬಿಸಿಲಿನಲ್ಲಿ ಬೋಳು ಕಲ್ಲಿನ ನಡುವೆ ನಡೆದು ನಡೆದು ಒಂದು ತಿರುವಿನಲ್ಲಿ ಹಟ್ಟಾ ಅಣೆಕಟ್ಟಿನ ಕೆರೆ ಕಂಡಾಗ ನಿಂತುಬಿಟ್ಟೆ. ಹಸಿರೂ ಅಲ್ಲದ ನೀಲಿಯೂ ಅಲ್ಲದ ನೀರು, ಅದರೊಳಗೆ ಬೆಟ್ಟ ತಲೆಕೆಳಗಾಗಿ. 1990ರ ದಶಕದಲ್ಲಿ ಕಟ್ಟಿದ ಕೆರೆ ಇದು. ಈ ಬೆಟ್ಟಗಳಲ್ಲಿ ಕೆರೆ ಎಂದು ಕಾಣುವುದೆಲ್ಲ ಮನುಷ್ಯ ಗೋಡೆ ಹಾಕಿ ಹಿಡಿದಿಟ್ಟ ಮಳೆಯೇ, ಲೀಮ್ ಕೆರೆಯಾಗಲಿ, ಶೌಕಾ ಅಣೆಕಟ್ಟಾಗಲಿ, ಖೋರ್ ಫಕ್ಕಾನ್ ಬಳಿಯ ರಫಿಸಾ ಆಗಲಿ. ಕೆಳಗೆ ಕಯಾಕುಗಳು ಸಾಸಿವೆ ಚೆಲ್ಲಿದಷ್ಟು ಸಣ್ಣ. ರಜೆಯ ಗದ್ದಲ ಅಲ್ಲೇ ಇದ್ದರೂ ನಾನು ಕೂತ ಎತ್ತರಕ್ಕೆ ಮುಟ್ಟುತ್ತಿರಲಿಲ್ಲ. ಚಪಾತಿಗೆ ಮಿಡಿ ಉಪ್ಪಿನಕಾಯಿ ನಂಚಿಕೊಂಡು ಊಟ ಮಾಡಿದೆ.

ಕೆರೆಯ ಪಕ್ಕದ ಬೆಟ್ಟದಲ್ಲಿ ಜಲವಿದ್ಯುತ್ ಕೆಲಸ ಮುಗಿಯುತ್ತಾ ಬಂದಿದೆ. 250 ಮೆಗಾವಾಟ್. ಹಗಲು ಸೌರವಿದ್ಯುತ್ತಿನಿಂದ ಕೆರೆಯ ನೀರನ್ನು ಮೇಲೆ ಕಟ್ಟಿದ ಇನ್ನೊಂದು ಅಣೆಕಟ್ಟಿಗೆ ಎತ್ತುವುದು, ಬೇಕಾದಾಗ 1.2 ಕಿಲೋಮೀಟರ್ ಸುರಂಗದ ಮೂಲಕ ಕೆಳಗಿಳಿಸಿ ಕರೆಂಟು ಮಾಡುವುದು. ನೀರು ಖರ್ಚಾಗುವುದಿಲ್ಲ, ಹತ್ತಿ ಇಳಿಯುತ್ತಿರುತ್ತದೆ. ಇದೇ ಬಗೆಯ 2,000 ಮೆಗಾವಾಟ್ ಯೋಜನೆಯನ್ನು ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಕಾಡಿನಲ್ಲಿ ಮಾಡಲು ಹೊರಟಿದ್ದಾರೆ. ಬೋಳು ಕಲ್ಲಿನ ಬೆಟ್ಟದಲ್ಲಿ ಒಪ್ಪುವ ಕೆಲಸ ಮಳೆಕಾಡಿನಲ್ಲಿ ಒಪ್ಪುವುದಿಲ್ಲ. ಎರಡನ್ನೂ ಕಣ್ಣಾರೆ ಕಂಡವನಾಗಿ ಇದನ್ನು ಬರೆದಿಡುತ್ತೇನೆ.

ಇಳಿದು ಬಂದಾಗ ಸಂಜೆ ಐದು. ಮುಕ್ಕಾಲು ಲೀಟರ್ ಉಳಿದಿತ್ತು.


2 ಡಿಸೆಂಬರ್, ಸೋಮವಾರ
ಬಸ್ಸಿನಲ್ಲಿ

ಮಂಡಿ ಹಿಡಿದಿದೆ. ಬೆಳಿಗ್ಗೆ ಹಟ್ಟಾದ ಹಳೆಯ ಊರಿಗೆ ಹೋದೆ. 1896ರ ಕೋಟೆ, 1780ರ ಮಸೀದಿ, ಗುಡ್ಡದ ಮೇಲೆ ಕಾವಲು ಗೋಪುರ. ಅವನ್ನೆಲ್ಲ ಬೇಗ ನೋಡಿ ಮುಗಿಸಿದೆ. ನನಗೆ ಬೇಕಿದ್ದದ್ದು ಫಲಜ್.

ಖರ್ಜೂರದ ತೋಟದ ನಡುವೆ ಮೊಳ ಅಗಲದ ಕಾಲುವೆ, ಅದರಲ್ಲಿ ತೆಳ್ಳಗೆ ಹರಿಯುವ ನೀರು. ತೋಟದ ಕೆಲಸದವನೊಬ್ಬ, ಬಾಂಗ್ಲಾದೇಶದವನು, ಕಾಲುವೆಯ ಬಾಯಿಗೆ ತುರುಕಿದ ಹಳೆ ಬಟ್ಟೆಯನ್ನೂ ಅದಕ್ಕೆ ಒತ್ತಿಟ್ಟ ಕಲ್ಲನ್ನೂ ತೆಗೆದು ಪಕ್ಕದ ಬಾಯಿಗೆ ಇಟ್ಟ. ನೀರು ತಿರುಗಿ ಇನ್ನೊಂದು ಪಾತಿಗೆ ಹೋಯಿತು. ಅಪ್ಪ ಅಡಿಕೆ ತೋಟದ ಕಣಿಯಲ್ಲಿ ಮಾಡುತ್ತಿದ್ದುದೂ ಇದೇ, ಕೈ ಕೂಡ ಹಾಗೇ ಓಡುತ್ತಿತ್ತು. ಅವನಿಗೆ ಅವಲಕ್ಕಿ ಬೆಲ್ಲ ಕೊಟ್ಟೆ, ಅವನು ನನಗೆ ಚಹಾ ಕೊಟ್ಟ.

ಬೆಟ್ಟದ ಬುಡದ ನೀರನ್ನು ಪಂಪಿಲ್ಲದೆ, ಬರೀ ಇಳಿಜಾರಿನಿಂದ ತೋಟಕ್ಕೆ ತರುವ ವಿದ್ಯೆ ಇಲ್ಲಿ ಮೂರು ಸಾವಿರ ವರ್ಷದಷ್ಟು ಹಳೆಯದು. ಅಲ್ ಐನಿನ ಹಿಲಿಯಲ್ಲಿ ಕ್ರಿಸ್ತಪೂರ್ವ ಸಾವಿರದ ಆಸುಪಾಸಿನ ಫಲಜ್ ಸಿಕ್ಕಿದೆ. ನೀರಿನ ಸರದಿಯನ್ನು ಹೊತ್ತು ನೋಡಿ ಹಂಚಲು ‘ಅರೀಫ್’ ಎಂಬ ಒಬ್ಬ ಯಜಮಾನ ಇರುತ್ತಿದ್ದ. 2020ರಲ್ಲಿ ಯುನೆಸ್ಕೊ ಈ ವಿದ್ಯೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಮನೆಯ ಹಿಂದಿನ ಗುಡ್ಡದಲ್ಲೂ ಅಜ್ಜ ಕೊರೆಸಿದ ಸುರಂಗವಿದೆ. ಒಬ್ಬ ಮಾತ್ರ ಒಳಹೋಗುವಷ್ಟು ಅಗಲ, ತುದಿಯಲ್ಲಿ ಮುರಕಲ್ಲಿನಿಂದ ಒಸರುವ ನೀರು, ಅಲ್ಲಿಂದ ಅಡಿಕೆ ಹಾಳೆಯ ದೋಣಿಯಲ್ಲಿ ಅಂಗಳಕ್ಕೆ. ಕೊರೆಯುವವರು ಮೇಣದ ಬತ್ತಿ ಹಚ್ಚಿಟ್ಟುಕೊಳ್ಳುತ್ತಿದ್ದರು. ಬತ್ತಿ ನಂದಿದರೆ ಒಳಗೆ ಉಸಿರಾಟಕ್ಕೆ ಗಾಳಿ ಸಾಲದು, ತಕ್ಷಣ ಹೊರಗೆ ಬರಬೇಕು. ಗಡಿಯಾಚೆ ಅಡ್ಯನಡ್ಕದ ಬಳಿ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಐದು ಸುರಂಗ ಕೊರೆದು ನೀರು ಕಾಣದೆ, ಆರನೆಯದರಲ್ಲಿ ಕಂಡು, ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರಿಗೆ ಪ್ರಶಸ್ತಿ ಬಂದಾಗ ನಮ್ಮ ಕೋಣೆಯಲ್ಲಿ ಸಿಹಿ ಹಂಚಿದ್ದೆವು.

ಬೀದರಿನ ಕರೇಜ್ ಕಾಲುವೆಯೂ ಇದೇ ಬಳಗದ್ದು. ಅದನ್ನು ನಾನಿನ್ನೂ ನೋಡಿಲ್ಲ.

ನಗರ ಹತ್ತಿರ ಬಂದಂತೆ ಬಸ್ಸಿನಲ್ಲಿ ಫೋನುಗಳು ರಿಂಗಣಿಸತೊಡಗಿವೆ.


6 ಡಿಸೆಂಬರ್, ಶುಕ್ರವಾರ
ಬರ್ ದುಬೈ

ಅರ್ಧ ದಿನದ ಕೆಲಸ ಮುಗಿಸಿ ಬಂದು ಅಪ್ಪನಿಗೆ ಫೋನು ಮಾಡಿದೆ. ಫೆಂಗಲ್ ಚಂಡಮಾರುತದ ಮಳೆ ಸೋಮವಾರ ಕಾಸರಗೋಡಿಗೂ ಬಂದು ಬಡಿದಿದೆ. ನಾನು ಹಟ್ಟಾದಲ್ಲಿ ಫಲಜ್ ನೋಡುತ್ತಿದ್ದ ದಿನ ಅಲ್ಲಿ ರೆಡ್ ಅಲರ್ಟ್. ಅಂಗಳದಲ್ಲಿ ಹರಡಿದ್ದ ಅಡಿಕೆ ಒದ್ದೆ, ತೋಡಿನಲ್ಲಿ ಆಷಾಢದ ನೀರು.

“ಕಟ್ಟ ಈಗಲೇ ಹಾಕುವ ಹಾಗಿಲ್ಲ, ತೋಡು ಇಳಿಯಬೇಕು” ಅಂದರು. ಪ್ರತಿ ಡಿಸೆಂಬರಿನಲ್ಲಿ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟ ಕಟ್ಟಿದರೆ ಎರಡೂ ದಡದ ಬಾವಿಗಳಲ್ಲಿ ಬೇಸಿಗೆಯ ತನಕ ನೀರು ನಿಲ್ಲುತ್ತದೆ. ಕುಂಬಡಾಜೆಯ ಏತಡ್ಕದಲ್ಲಿ ಒಂದರ ಕೆಳಗೊಂದು ಸಾಲು ಕಟ್ಟಗಳನ್ನು ಈಗಲೂ ಹಾಕುತ್ತಾರೆ. ನಮ್ಮ ತೋಡಿನಲ್ಲಿ ಉಳಿದಿರುವುದು ನಮ್ಮದೊಂದೇ. ಉಳಿದವರು ಕೊಳವೆಬಾವಿ ತೆಗೆಸಿದರು. ಅಪ್ಪನಿಗೆ ಎಪ್ಪತ್ತಾರು, ಕಲ್ಲು ಎತ್ತಲು ಆಳು ಸಿಗುವುದಿಲ್ಲ. ಆರು ಲೀಟರ್ ನೀರು ಬೆನ್ನ ಮೇಲೆ ಹೊತ್ತು ಬೋಳು ಬೆಟ್ಟ ಸುತ್ತಿ ಬಂದವನಿಗೆ ಆ ಮಾತು ಕೇಳಿ ಸುಮ್ಮನಿರಲು ಆಗಲಿಲ್ಲ.

ಮಾರ್ಚ್ ಮುಗಿಯುವುದರೊಳಗೆ ಇನ್ನೊಮ್ಮೆ ಹಟ್ಟಾಕ್ಕೆ ಹೋಗಬೇಕು, ಕುಂದಾಪುರದ ಹುಡುಗನನ್ನು ಕರೆದುಕೊಂಡು. ಆಮೇಲೆ ಬಿಸಿಲು ನಡೆಯಲು ಬಿಡುವುದಿಲ್ಲ. ಮುಂದಿನ ವರ್ಷದ ರಜೆಯನ್ನು ಎಲ್ಲರಂತೆ ಬೇಸಿಗೆಗೆ ಕೇಳುವುದಿಲ್ಲ, ಡಿಸೆಂಬರಿಗೆ ಕೇಳುತ್ತೇನೆ. ಕಟ್ಟ ಹಾಕುವ ಕೆಲಸಕ್ಕೆ ಅಪ್ಪನ ಜೊತೆ ಇನ್ನೊಬ್ಬ ಆಳು ಬೇಕು.